ಸಹಿ ಮೂವರದು, ಮ್ಯಾನೇಜರ್ ಯಾರೂ ಇಲ್ಲ

ಊರ ಸಂಘದ ಬ್ಯಾಂಕ್ ಖಾತೆಯಿಂದ ಹಣ ತೆಗೆಯಬೇಕಾದರೆ ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಈ ಮೂವರಲ್ಲಿ ಇಬ್ಬರ ಸಹಿ ಚೆಕ್ಕಿನ ಮೇಲಿರಬೇಕು. ಒಟ್ಟಾಗಿ ಬಿಟ್‌ಕಾಯಿನ್ ಇಟ್ಟುಕೊಳ್ಳುವ ಗೆಳೆಯರಿಗೆ, ಮನೆಮಂದಿಗೆ, ಸಣ್ಣ ಕಂಪನಿಗೆ ಇಂಥದೇ ಏರ್ಪಾಡೊಂದಿದೆ. ಅದು ಮಲ್ಟಿಸಿಗ್ ವ್ಯಾಲೆಟ್. ಮೂರು ಕೀಲಿಗಳಲ್ಲಿ ಯಾವುದಾದರೂ ಎರಡು ಸಹಿ ಹಾಕಿದರೆ ಹಣ ಹೊರಡುತ್ತದೆ. ಹೋಲಿಕೆ ಇಲ್ಲಿಗೆ ಮುಗಿಯಿತು. ಬ್ಯಾಂಕಿನಲ್ಲಿ ತಪ್ಪು ತಿದ್ದಲು ಮ್ಯಾನೇಜರ್ ಇದ್ದಾರೆ, ಇಲ್ಲಿ ಯಾರೂ ಇಲ್ಲ. ಇದನ್ನು ಮರೆತವರ ತಲೆಯಲ್ಲೇ ಕೆಳಗಿನ ಕಲ್ಪನೆಗಳು ಬೇರೂರುತ್ತವೆ.

ತಪ್ಪು ಕಲ್ಪನೆ: ಒಂದೇ ಕೀಲಿಯನ್ನು ಮತ್ತೆ ಪಡೆಯಲು ಚೀಟಿಯಲ್ಲಿ ಬರೆದಿಡುವ 24 ಪದಗಳನ್ನು ಮೂವರೂ ಎಂಟೆಂಟು ಹಂಚಿಕೊಂಡರೆ ಅದೇ ಮಲ್ಟಿಸಿಗ್.

ಸತ್ಯ: ಅದು ಒಂದೇ ಕೀಲಿಯ ಮೂರು ಚೂರು. ಒಂದು ಚೀಟಿ ಕಳೆದರೂ ಎಲ್ಲ ಹೋಯಿತು. ಹಣ ಕಳಿಸಲು ಮೂರು ಚೂರನ್ನೂ ಒಂದೇ ಕಡೆ ಸೇರಿಸಬೇಕು. ಆ ಗಳಿಗೆಯಲ್ಲಿ ಪೂರ್ತಿ ಕೀಲಿ ಒಬ್ಬರ ಕಣ್ಣಿಗೆ ಬೀಳುತ್ತದೆ. ಮಲ್ಟಿಸಿಗ್‌ನಲ್ಲಿ ಪ್ರತಿಯೊಬ್ಬರೂ ಸಹಿ ಹಾಕುವ ತಮ್ಮ ತಮ್ಮ ಪುಟ್ಟ ಸಾಧನದಲ್ಲಿ (ಹಾರ್ಡ್‌ವೇರ್ ವ್ಯಾಲೆಟ್) ಬೇರೆ ಬೇರೆ ಕೀಲಿ ಹುಟ್ಟಿಸುತ್ತಾರೆ. ಸಹಿ ಹಾಕುವಾಗ ಅದು ಆ ಸಾಧನ ಬಿಟ್ಟು ಹೊರಬರುವುದೇ ಇಲ್ಲ. ಒಬ್ಬರು ಮೈಸೂರಿನಲ್ಲಿ ಇಂದು ಸಹಿ ಹಾಕಿ ಆ ವಹಿವಾಟಿನ ಫೈಲ್ ಕಳಿಸಬಹುದು, ಇನ್ನೊಬ್ಬರು ದುಬೈಯಲ್ಲಿ ನಾಳೆ ಹಾಕಬಹುದು.

ತಪ್ಪು ಕಲ್ಪನೆ: ಎಲ್ಲರ ಸಹಿಯೂ ಕಡ್ಡಾಯವಾದರೆ ಹೆಚ್ಚು ಭದ್ರ.

ಸತ್ಯ: ಮೂರಕ್ಕೆ ಮೂರೂ ಬೇಕೆಂದರೆ ಒಬ್ಬರು ತೀರಿಕೊಂಡರೂ, ಮುನಿಸಿಕೊಂಡರೂ, ಪದಗಳ ಚೀಟಿ ಕಳೆದುಕೊಂಡರೂ ಹಣ ಶಾಶ್ವತವಾಗಿ ಬೀಗದೊಳಗೆ. ಕಳವಿನ ಭಯದಷ್ಟೇ ಕಳೆದುಕೊಳ್ಳುವ ಭಯವೂ ನಿಜ. ಮೂರರಲ್ಲಿ ಎರಡು, ಐದರಲ್ಲಿ ಮೂರು ಎಂಬ ಲೆಕ್ಕ ಎರಡನ್ನೂ ತೂಗಿಸುತ್ತದೆ.

ತಪ್ಪು ಕಲ್ಪನೆ: ಮೂರರಲ್ಲಿ ಎರಡು ಕೀಲಿ ಉಳಿದಿದ್ದರೆ ಸಾಕು, ಹಣ ಸಿಕ್ಕೇ ಸಿಗುತ್ತದೆ.

ಸತ್ಯ: ಹೆಚ್ಚಿನವರು ಎಡವುವುದು ಇಲ್ಲೇ. ಖಜಾಂಚಿಯ ಮನೆಗೆ ಮಳೆನೀರು ನುಗ್ಗಿ ಸಾಧನವೂ ಚೀಟಿಯೂ ಹಾಳಾದವೆನ್ನಿ. ವ್ಯಾಲೆಟ್ ತೆರೆದಿದ್ದ ಲ್ಯಾಪ್‌ಟಾಪ್ ಕೂಡ ಅಲ್ಲೇ ಇತ್ತು. ಉಳಿದಿಬ್ಬರು ಹೊಸ ಕಂಪ್ಯೂಟರ್ ಮುಂದೆ ಕೂತು ತಮ್ಮ ಎರಡೂ ಕೀಲಿ ಕೊಡುತ್ತಾರೆ. ಕಂಪ್ಯೂಟರ್ ಮೂರನೆಯವರ ಪಬ್ಲಿಕ್ ಕೀ (ಸಹಿ ಹಾಕುವ ಗುಟ್ಟಿನ ಕೀಲಿಯ ಬಹಿರಂಗ ಜೋಡಿ) ಕೇಳುತ್ತದೆ. ಇಂಥ ವ್ಯಾಲೆಟ್‌ನ ಬಿಟ್‌ಕಾಯಿನ್ ವಿಳಾಸ ತಯಾರಾಗುವುದೇ ಮೂರೂ ಪಬ್ಲಿಕ್ ಕೀಗಳನ್ನು ಸೇರಿಸಿ. ಅದೊಂದು ಇಲ್ಲದಿದ್ದರೆ ಇಬ್ಬರ ಕೀಲಿಯಿದ್ದರೂ ಹಣ ದಕ್ಕುವುದಿಲ್ಲ. ಆದ್ದರಿಂದ ವ್ಯಾಲೆಟ್ ಮಾಡಿದ ದಿನವೇ ಸ್ಪ್ಯಾರೋದಂಥ ತಂತ್ರಾಂಶದಿಂದ ವ್ಯಾಲೆಟ್ ವಿವರದ ಫೈಲ್ ತೆಗೆದು ಮೂವರೂ ಒಂದೊಂದು ಪ್ರತಿ ಇಟ್ಟುಕೊಳ್ಳಬೇಕು. ಅದರಿಂದ ಹಣ ತೆಗೆಯಲಾಗದು, ಆದರೆ ಎಷ್ಟಿದೆ ಎಂದು ನೋಡಬಹುದು. ಹಾಗಾಗಿ ಅದನ್ನೂ ಗುಟ್ಟಾಗಿಯೇ ಇಡಿ.

ತಪ್ಪು ಕಲ್ಪನೆ: ಇಷ್ಟು ಜನ ಸಹಿ ಹಾಕುವಾಗ ಕಳ್ಳತನ ಆಗಲು ಸಾಧ್ಯವೇ ಇಲ್ಲ.

ಸತ್ಯ: 2024ರ ಜುಲೈ 18ರಂದು ಭಾರತದ ವಝೀರ್‌ಎಕ್ಸ್ ವಿನಿಮಯ ಕೇಂದ್ರದ ಮಲ್ಟಿಸಿಗ್ ವ್ಯಾಲೆಟ್‌ನಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ಕ್ರಿಪ್ಟೊ ಹೋಯಿತು. ಅಲ್ಲಿ ಆರು ಜನ ಸಹಿದಾರರಿದ್ದರು, ನಾಲ್ಕು ಸಹಿ ಬೇಕಿತ್ತು. ಪರದೆಯ ಮೇಲೆ ಕಂಡದ್ದು ಒಂದು, ಸಹಿ ಬಿದ್ದದ್ದು ಇನ್ನೊಂದಕ್ಕೆ ಎಂದು ಸಂಸ್ಥೆಯೇ ಹೇಳಿತು. 2025ರ ಫೆಬ್ರುವರಿ 21ರಂದು ಬೈಬಿಟ್ ವಿನಿಮಯ ಕೇಂದ್ರದಿಂದ ಸುಮಾರು 4 ಲಕ್ಷ ಈಥರ್ (ಈಥೀರಿಯಮ್ ಜಾಲದ ಕ್ರಿಪ್ಟೊ) ಹೋದದ್ದೂ ಹೀಗೆಯೇ: ಸಹಿದಾರರು ನೋಡುತ್ತಿದ್ದ ಪುಟವನ್ನೇ ಕಳ್ಳರು ತಿದ್ದಿದ್ದರು. ಎಲ್ಲರೂ ಒಂದೇ ಪರದೆಯನ್ನು ನಂಬಿದರೆ ನಾಲ್ಕು ಸಹಿಯೂ ಒಂದೇ ಸಹಿಗೆ ಸಮ. ಹಣ ಹೋಗುವ ವಿಳಾಸವನ್ನು ಕೈಯಲ್ಲಿರುವ ಸಾಧನದ ಪುಟ್ಟ ಪರದೆಯಲ್ಲಿ ಅಕ್ಷರ ಅಕ್ಷರವಾಗಿ ಓದಿ. ಪಡೆಯುವವರಿಗೆ ಫೋನ್ ಮಾಡಿ ಅದನ್ನೇ ಓದಿಸಿಕೊಳ್ಳಿ. ‘ಅವರು ಹಾಕಿದ್ದಾರಲ್ಲ’ ಎಂದು ಸಹಿ ಹಾಕಬೇಡಿ.

ತಪ್ಪು ಕಲ್ಪನೆ: ಸದಸ್ಯರು ಬದಲಾದರೆ ಹೆಸರು ತಿದ್ದಿದರಾಯಿತು.

ಸತ್ಯ: ಬ್ಯಾಂಕಿಗೆ ಠರಾವಿನ ಪ್ರತಿ ಕೊಟ್ಟರೆ ಸಹಿದಾರರು ಬದಲಾಗುತ್ತಾರೆ. ಬಿಟ್‌ಕಾಯಿನ್‌ನಲ್ಲಿ ಹೊಸ ವ್ಯಾಲೆಟ್ ಮಾಡಿ, ಶುಲ್ಕ ತೆತ್ತು, ಹಣವನ್ನೆಲ್ಲ ಅಲ್ಲಿಗೆ ಸಾಗಿಸಬೇಕು. ಈಥೀರಿಯಮ್‌ನ ‘ಸೇಫ್’ ವ್ಯಾಲೆಟ್‌ನಲ್ಲಿ ವಿಳಾಸ ಉಳಿಸಿಕೊಂಡೇ ಸಹಿದಾರರನ್ನು ಬದಲಿಸಬಹುದು, ಅದಕ್ಕೂ ನಿಗದಿಯಾದಷ್ಟು ಸಹಿ ಬೇಕು. ಎರಡರಲ್ಲೂ ಸಾಕಷ್ಟು ಕೀಲಿ ಕೈಯಲ್ಲಿರುವಾಗಲೇ ಕೆಲಸ ಮುಗಿಸಬೇಕು.

ದೊಡ್ಡ ಮೊತ್ತ ಹಾಕುವ ಮೊದಲು ಒಂದು ಸಂಜೆ ಮೂವರೂ ಕೂತು ಚಿಕ್ಕ ಮೊತ್ತ ಹಾಕಿ. ವ್ಯಾಲೆಟ್ ಅಳಿಸಿ, ಬೇರೆ ಕಂಪ್ಯೂಟರಿನಲ್ಲಿ ವಿವರದ ಫೈಲ್‌ನಿಂದ ಮತ್ತೆ ಕಟ್ಟಿ. ಒಬ್ಬರ ಸಾಧನ ಬದಿಗಿಟ್ಟು ಉಳಿದಿಬ್ಬರ ಸಹಿಯಲ್ಲೇ ಆ ಹಣ ವಾಪಸ್ ತನ್ನಿ. ಸರದಿಯಂತೆ ಮೂರು ಜೋಡಿಯೂ ಹೀಗೆ ಮಾಡಿ ನೋಡಲಿ. ಮ್ಯಾನೇಜರ್ ಇಲ್ಲದ ಕಡೆ ಆ ಕೆಲಸ ಕಲಿಯುವುದು ಹೀಗೆ.