ಹೂವಿನ ಪಾನಕದಿಂದ ಲಿಟ್ಮಸ್ ಕಾಗದದವರೆಗೆ

ಆಮ್ಲ, ಪ್ರತ್ಯಾಮ್ಲಗಳ ಪಾಠ ಬಂತೆಂದರೆ ಲಿಟ್ಮಸ್ ಕಾಗದವೂ ಬಂತು. ಆಮ್ಲದಲ್ಲಿ ನೀಲಿ ಕೆಂಪಾಗುತ್ತದೆ, ಪ್ರತ್ಯಾಮ್ಲದಲ್ಲಿ ಕೆಂಪು ನೀಲಿಯಾಗುತ್ತದೆ ಎಂದು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಆ ಬಣ್ಣ ಎಲ್ಲಿಯದು ಎಂದು ತಿಳಿಸುವವರು ಅಪರೂಪ.

ಅದು ಕಲ್ಲುಹೂವಿನ ಬಣ್ಣ. ನಾವು ಮಸಾಲೆಗೆ ಹಾಕುತ್ತೇವಲ್ಲ, ಅದೇ ಬಳಗದ್ದು. ಕಡಲತೀರದ ಬಂಡೆಗಳ ಮೇಲೆ ಬೆಳೆಯುವ ಜಾತಿ. ಯುರೋಪಿನಲ್ಲಿ ಬಟ್ಟೆಗೆ ಬಣ್ಣ ಹಾಕುವವರು ಅದನ್ನು ಪುಡಿಮಾಡಿ ಹಳಸಿದ ಮೂತ್ರದಲ್ಲಿ ವಾರಗಟ್ಟಲೆ ನೆನೆಹಾಕುತ್ತಿದ್ದರು. ಮೂತ್ರದ ಅಮೋನಿಯಾಕ್ಕೆ ಗಾಳಿ ಕೂಡಿ ನೇರಳೆ ಬಣ್ಣ ಏಳುತ್ತಿತ್ತು. ಪೊಟ್ಯಾಷ್, ಸುಣ್ಣ ಬೆರೆಸಿದರೆ ಲಿಟ್ಮಸ್‌ನ ನೀಲಿ. ಹಾಲೆಂಡ್ ಈ ಕಸುಬಿಗೆ ಹೆಸರಾಗಿತ್ತು.

ಬಣ್ಣವನ್ನು ಪರೀಕ್ಷೆಯ ಸಾಧನವಾಗಿ ಮಾಡಿದ ಕೀರ್ತಿಯ ದೊಡ್ಡ ಪಾಲು ರಾಬರ್ಟ್ ಬಾಯ್ಲ್‌ಗೆ ಸಲ್ಲಬೇಕು. 1664ರಲ್ಲಿ ಬಣ್ಣಗಳ ಬಗ್ಗೆ ಆತ ಪ್ರಕಟಿಸಿದ ಪುಸ್ತಕದಲ್ಲಿ ಇಂದಿನ ಶಾಲಾ ಮಕ್ಕಳೂ ಮಾಡಬಹುದಾದ ಪ್ರಯೋಗವಿದೆ. ವಯೋಲೆಟ್ ಹೂವಿನ ಪಾನಕ ಆಗ ಔಷಧಿ ಅಂಗಡಿಗಳಲ್ಲಿ ಸಿಗುತ್ತಿತ್ತು. ಬಾಯ್ಲ್ ಅದನ್ನು ಬಿಳಿ ಕಾಗದದ ಮೇಲೆ ಸ್ವಲ್ಪ ಹನಿಸಿ, ಮೇಲೆ ಆಮ್ಲದ ಎರಡು ಮೂರು ತೊಟ್ಟು ಬಿಟ್ಟರು: ಕೆಂಪಾಯಿತು. ಕ್ಷಾರ ಬಿಟ್ಟರೆ ಹಸಿರಾಯಿತು. ಆಮ್ಲ ತಾಗಿದರೆ ಕೆಂಪಾಗುವುದು ಮೊದಲೇ ಕೆಲವರಿಗೆ ಗೊತ್ತಿತ್ತು. ಬಾಯ್ಲ್ ಒಂದು ಹೆಜ್ಜೆ ಮುಂದೆ ಹೋದರು. ಯಾವುದೇ ದ್ರಾವಣ ಆಮ್ಲವೋ, ಕ್ಷಾರವೋ, ಎರಡೂ ಅಲ್ಲವೋ ಎಂದು ವಿಂಗಡಿಸಲು ಈ ಬಣ್ಣವನ್ನೇ ಒರೆಗಲ್ಲು ಮಾಡಿಕೊಂಡರು. ನಾಲಿಗೆಯ ರುಚಿಯನ್ನು ನೆಚ್ಚಿದ್ದ ವಿದ್ಯೆಗೆ ಕಣ್ಣಿಗೆ ಕಾಣುವ ಸಾಕ್ಷಿ ಸಿಕ್ಕಿತು. ನನ್ನ ಮಟ್ಟಿಗೆ ಶಾಲೆಯ ರಸಾಯನಶಾಸ್ತ್ರದ ನಿಜವಾದ ಆರಂಭ ಇಲ್ಲಿದೆ.

ಆಮ್ಲ ಎಷ್ಟು ಎಂಬುದನ್ನು ಅಂಕಿಯಲ್ಲಿ ಹೇಳುವ ಪಿಎಚ್ ಮಾಪಕ ಬಂದದ್ದು 1909ರಲ್ಲಿ, ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಸೋರೆನ್ಸನ್ ಅವರಿಂದ.

ಇಷ್ಟೆಲ್ಲ ಹೂವಿನಿಂದ, ಕಲ್ಲುಹೂವಿನಿಂದ ಬಂದಿರುವಾಗ, ಪ್ರಯೋಗಾಲಯ ಇಲ್ಲವೆಂದು ಈ ಪಾಠವನ್ನು ಕರಿಹಲಗೆಯ ಮೇಲೆಯೇ ಮುಗಿಸುವುದು ಮಕ್ಕಳಿಗೆ ಮಾಡುವ ಅನ್ಯಾಯ. ಕೆಂಪು ದಾಸವಾಳದ ಎಸಳುಗಳನ್ನು ಬಿಸಿನೀರಲ್ಲಿ ನೆನೆಸಿದರೆ ಸೂಚಕ ಸಿದ್ಧ: ನಿಂಬೆರಸಕ್ಕೆ ಕೆಂಪೇರುತ್ತದೆ, ಸುಣ್ಣದ ತಿಳಿನೀರಿಗೆ ಹಸಿರಾಗುತ್ತದೆ. ಅರಿಶಿನ ಸುಣ್ಣ ಸೇರಿ ಕುಂಕುಮವಾಗುವುದೂ ಇದೇ ರಸಾಯನ. ಆದರೆ ಅರಿಶಿನ ಆಮ್ಲವನ್ನು ತೋರಿಸದು, ನಿಂಬೆರಸದಲ್ಲೂ ಅದು ಹಳದಿಯೇ. ಏಕೆ ಹೀಗೆ ಎಂದು ಮಗು ಕೇಳಿದರೆ ಪಾಠ ಅಲ್ಲಿಂದ ಬೆಳೆಯುತ್ತದೆ.

ಶಿಕ್ಷಕರಲ್ಲಿ ನನ್ನ ಬಿನ್ನಹ ಇಷ್ಟೆ: ಈ ಪಾಠದ ದಿನ ಮಕ್ಕಳಿಗೆ ಮನೆಯಿಂದ ಹೂವು ತರಲು ಹೇಳಿ. ಸುಣ್ಣದ ನೀರು ಕಣ್ಣಿಗೆ ತಾಗದಂತೆ ನೋಡಿಕೊಳ್ಳಿ, ಉಳಿದದ್ದನ್ನು ಅವರ ಕೈಗೇ ಬಿಡಿ.