ಹಳೆಯ ಕಹಳೆಗೆ ಹೊಸ ಉಸಿರು

ಕಹಳೆಯ ಲೌಡ್‌ಸ್ಪೀಕರ್ ಎಂದೊಡನೆ ಕನ್ನಡ ನಾಡಿನಲ್ಲಿ ಯಾರಿಗಾದರೂ ನೆನಪಾಗುವುದು ಮದುವೆಯ ಚಪ್ಪರದ ಕಂಬಕ್ಕೋ ಜಾತ್ರೆಯ ಬಯಲಿನ ಮರಕ್ಕೋ ಕಟ್ಟಿದ ತಗಡಿನ ಕಹಳೆ. ಊರಿಗೆಲ್ಲ ಕೇಳಿಸುವ ಶಕ್ತಿ ಅದಕ್ಕುಂಟು. ಕಿವಿಗೆ ಇಂಪೆನಿಸುವ ಗುಣ ಮಾತ್ರ ಇಲ್ಲ. ಹೀಗಿರುವಾಗ, ಸಂಗೀತವನ್ನು ಸೂಕ್ಷ್ಮವಾಗಿ ಆಲಿಸಬಯಸುವ ಜನರೇ ಆಳೆತ್ತರದ ಕಹಳೆಗಳನ್ನು ಮನೆಯ ಪಡಸಾಲೆಯಲ್ಲಿ ನಿಲ್ಲಿಸಿಕೊಂಡು, ಕೈಯಾರೆ ಕಟ್ಟಿದ ವಾಲ್ವ್ ಆಂಪ್ಲಿಫೈಯರನ್ನು ಅವಕ್ಕೆ ಜೋಡಿಸಿ ಕೇಳುತ್ತಾರೆಂದರೆ ಆಶ್ಚರ್ಯವೆನಿಸೀತು. ಆದರೂ ಅಮೆರಿಕ, ಜಪಾನು ಮತ್ತು ಯೂರೋಪಿನಲ್ಲಿ ಇಂತಹ ಹವ್ಯಾಸಿಗಳ ಪಂಗಡವೇ ಇದೆ. ಅವರ ಕೈಸೇರಿದ ಕಹಳೆಗಳಲ್ಲಿ ಅನೇಕವು ಒಂದು ಕಾಲಕ್ಕೆ ಚಿತ್ರಮಂದಿರದ ಪರದೆಯ ಹಿಂದೆ ನಿಂತು ನೂರಾರು ಪ್ರೇಕ್ಷಕರಿಗೆ ಒಮ್ಮೆಗೇ ಮಾತು, ಹಾಡುಗಳನ್ನು ಕೇಳಿಸಿದಂತಹವು.

ಇಂತಹ ಹಳೆಯ ಸಾಧನವನ್ನು ಇಂದಿನ ಕಿವಿಗೆ ಒಪ್ಪುವಂತೆ ತಿದ್ದುವುದು ಹೇಗೆ? ಎಷ್ಟು ತಿದ್ದಬೇಕು, ಎಲ್ಲಿ ನಿಲ್ಲಿಸಬೇಕು? ಈ ಎರಡನೆಯ ಪ್ರಶ್ನೆಯೇ ಹೆಚ್ಚು ಕಠಿನವಾದುದು.

ಅಲ್ಪ ಬಲ, ಅಧಿಕ ಫಲ

ದೂರದಲ್ಲಿರುವವನನ್ನು ಕೂಗುವಾಗ ಮನುಷ್ಯನು ತನಗರಿವಿಲ್ಲದೆಯೇ ಅಂಗೈಗಳನ್ನು ಬಾಯಿಯ ಎರಡು ಬದಿಗೂ ಹಿಡಿಯುತ್ತಾನೆ. ಕಹಳೆಯ ತತ್ತ್ವವೂ ಅದೇ. ಗಾಳಿಯು ತೀರ ಹಗುರವಾದ ವಸ್ತು. ಸಣ್ಣ ಪೊರೆಯೊಂದು ಬಯಲಿನಲ್ಲಿ ಕಂಪಿಸಿದರೆ ಅದರ ಶ್ರಮದ ಬಹುಪಾಲು ಗಾಳಿಗೆ ದಾಟದೆ ವ್ಯರ್ಥವಾಗುತ್ತದೆ. ಅದೇ ಪೊರೆಯನ್ನು ಕಿರಿದಾದ ಕೊರಳಿನ ಮುಂದಿಟ್ಟು, ಆ ಕೊರಳನ್ನು ಮೆಲ್ಲಮೆಲ್ಲನೆ ಅಗಲಿಸುತ್ತ ಹೋದರೆ, ಪೊರೆಗೆ ಒತ್ತಲು ತಕ್ಕ ಭಾರ ದೊರೆಯುತ್ತದೆ. ದನಿ ಸಲೀಸಾಗಿ ಹೊರಕ್ಕೆ ಸಾಗುತ್ತದೆ.

ಲಾಭ ಎಷ್ಟೆಂಬುದನ್ನು ಲೆಕ್ಕದಿಂದ ತಿಳಿಯಬಹುದು. ಮನೆಗಳಲ್ಲಿ ಬಳಸುವ ಸಣ್ಣ ಪೆಟ್ಟಿಗೆಯ ಸ್ಪೀಕರಿಗೆ 1 ವಾಟ್ ವಿದ್ಯುತ್ತನ್ನು ಕೊಟ್ಟು 1 ಮೀಟರ್ ದೂರದಲ್ಲಿ ಅಳೆದರೆ ಸುಮಾರು 86 ಡೆಸಿಬೆಲ್ ಶಬ್ದ ಬರುತ್ತದೆ. ಉತ್ತಮವಾದ ದೊಡ್ಡ ಕಹಳೆಯು ಅದೇ 1 ವಾಟಿನಿಂದ 104 ಡೆಸಿಬೆಲ್ ನೀಡಬಲ್ಲದು. ಅಷ್ಟು ಶಬ್ದವನ್ನು ಪೆಟ್ಟಿಗೆಯಿಂದ ಹೊರಡಿಸಬೇಕಾದರೆ 63 ವಾಟ್ ಬೇಕಾಗುತ್ತದೆ!

ಜಾತ್ರೆಯ ಕಹಳೆ ಏಕೆ ಕರ್ಕಶ? ಅದರ ಬಾಯಿ ಚಿಕ್ಕದು. ಮಂದ್ರದ ಸ್ವರಗಳ ಅಲೆಗಳು ಬಹಳ ಉದ್ದವಾದವು. ಸೆಕೆಂಡಿಗೆ 50 ಕಂಪನಗಳ ಸ್ವರದ ಅಲೆ ಸುಮಾರು 7 ಮೀಟರ್. ಅಂತಹ ಅಲೆಯನ್ನು ಹೊರಡಿಸಲು ಕಹಳೆಯ ಬಾಯಿ ಬಾಗಿಲಿನಷ್ಟು ದೊಡ್ಡದಾಗಿರಬೇಕು. ಆದುದರಿಂದ ದೋಷವಿರುವುದು ಕಹಳೆಯ ತತ್ತ್ವದಲ್ಲಲ್ಲ, ಅದರ ಗಾತ್ರದಲ್ಲಿ.

ಪರದೆಯ ಹಿಂದಿನ ಚರಿತ್ರೆ

1926ರಲ್ಲಿ ನ್ಯೂಯಾರ್ಕಿನಲ್ಲಿ ‘ಡಾನ್ ಹುವಾನ್’ ಚಿತ್ರವು ಮುದ್ರಿತ ಸಂಗೀತದೊಡನೆ ಪ್ರದರ್ಶಿತವಾದಾಗ ದನಿಯು ಬಂದದ್ದು ವೆಸ್ಟರ್ನ್ ಎಲೆಕ್ಟ್ರಿಕ್ ಸಂಸ್ಥೆಯ ಕಹಳೆಗಳಿಂದ. ಬೆಲ್ ಪ್ರಯೋಗಶಾಲೆಯ ವೆಂಟೆ ಮತ್ತು ತುರಾಸ್ ಎಂಬ ವಿಜ್ಞಾನಿಗಳು ರೂಪಿಸಿದ 555 ಸಂಖ್ಯೆಯ ಧ್ವನಿಯಂತ್ರವು ಆ ಕಾಲದ ಪ್ರಸಿದ್ಧ ಸಾಧನ. ಆಗಿನ ಆಂಪ್ಲಿಫೈಯರುಗಳ ಬಲ ತೀರ ಅಲ್ಪವಾಗಿದ್ದುದರಿಂದ ಕಹಳೆಯ ಹೊರತು ಬೇರೆ ದಾರಿಯೂ ಇರಲಿಲ್ಲ.

ಒಂದೇ ಕಹಳೆ ಎಲ್ಲ ಸ್ವರಗಳನ್ನೂ ನುಡಿಸಲಾರದೆಂಬುದು ಬೇಗನೆ ತಿಳಿದುಬಂದಿತು. ಎಂ.ಜಿ.ಎಂ. ಸಂಸ್ಥೆಯ ಡಗ್ಲಾಸ್ ಷಿಯರರ್ ಮತ್ತು ಅವರ ಸಂಗಡಿಗರು ಮಂದ್ರಕ್ಕೊಂದು, ತಾರಕ್ಕೊಂದು ಎಂದು ಎರಡು ಕಹಳೆಗಳ ವ್ಯವಸ್ಥೆಯನ್ನು ರೂಪಿಸಿದರು. 1936ರ ಸಾಲಿನ ಅಕಾಡೆಮಿ ತಾಂತ್ರಿಕ ಪ್ರಶಸ್ತಿ ಅದಕ್ಕೆ ದೊರೆಯಿತು. 1945ರಲ್ಲಿ ಆಲ್ಟೆಕ್ ಲ್ಯಾನ್ಸಿಂಗ್ ಸಂಸ್ಥೆ ‘ವಾಯ್ಸ್ ಆಫ್ ದಿ ಥಿಯೇಟರ್’ ಎಂಬ ಸಾಲನ್ನು ಹೊರತಂದಿತು. 1946ರಲ್ಲಿ ಆರ್ಕನ್ಸಾ ಸಂಸ್ಥಾನದ ಹೋಪ್ ಎಂಬ ಊರಿನಲ್ಲಿ ಪಾಲ್ ಕ್ಲಿಪ್ಷ್ ತಮ್ಮ ಕಾರ್ಖಾನೆಯನ್ನು ಆರಂಭಿಸಿದರು. ಮಂದ್ರದ ಕಹಳೆಯನ್ನು ಮಡಿಸಿ ಕೋಣೆಯ ಮೂಲೆಗೆ ಸೇರಿಸಿ, ಗೋಡೆಗಳನ್ನೇ ಕಹಳೆಯ ಮುಂದುವರಿಕೆಯಾಗಿಸಿಕೊಂಡದ್ದು ಅವರ ಜಾಣ್ಮೆ.

ಆಮೇಲೆ ಕಾಲ ತಿರುಗಿತು. 1947ರಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. 1954ರಲ್ಲಿ ಎಡ್ಗರ್ ವಿಲ್ಚರ್, ಪುಸ್ತಕದ ಕಪಾಟಿನಲ್ಲಿಡಬಹುದಾದ ಸಣ್ಣ ಪೆಟ್ಟಿಗೆಯಿಂದಲೂ ಮಂದ್ರವನ್ನು ಹೊರಡಿಸಬಹುದೆಂದು ತೋರಿಸಿದರು. ಆ ಪೆಟ್ಟಿಗೆಗೆ ಹೆಚ್ಚು ವಾಟ್ ಬೇಕು. ಟ್ರಾನ್ಸಿಸ್ಟರ್ ಅದನ್ನು ಅಗ್ಗವಾಗಿ ಒದಗಿಸಿತು. ಕಹಳೆಗಳು ಉಗ್ರಾಣ ಸೇರಿದವು. 1970ರ ದಶಕದಲ್ಲಿ ಅವನ್ನು ಆದರದಿಂದ ಕೊಂಡುಕೊಂಡವರಲ್ಲಿ ಜಪಾನೀಯರು ಮುಂದಾಳುಗಳು. 1924ರಲ್ಲಿ ಆರಂಭವಾದ ‘ಮುಸೆನ್ ಟು ಜಿಕ್ಕೆನ್’, ಎಂದರೆ ‘ರೇಡಿಯೋ ಮತ್ತು ಪ್ರಯೋಗ’, ಎಂಬ ಪತ್ರಿಕೆಯು ಮನೆಯಲ್ಲಿ ಯಂತ್ರ ಕಟ್ಟುವ ವಿದ್ಯೆಯನ್ನು ಅಲ್ಲಿ ತಲೆಮಾರುಗಳಿಗೆ ಕಲಿಸಿದ್ದಿತು.

ಸ್ವರಗಳ ಪಾಲುದಾರ

ಹಳೆಯ ಜೋಡಿ ಮನೆಗೆ ಬಂದೊಡನೆ ಹವ್ಯಾಸಿಯ ಕಣ್ಣು ಬೀಳುವುದು ಕ್ರಾಸ್‌ಓವರ್ ಎಂಬ ಭಾಗದ ಮೇಲೆ. ಸಂಗೀತವನ್ನು ಎರಡಾಗಿ ಸೀಳಿ, ಮಂದ್ರವನ್ನು ವೂಫರಿಗೂ ತಾರವನ್ನು ಮೇಲಿನ ಕಹಳೆಗೂ ಹಂಚುವುದು ಅದರ ಕೆಲಸ. ಅದರೊಳಗಿನ ಕಂಡೆನ್ಸರುಗಳು ದಶಕಗಳಲ್ಲಿ ಒಣಗಿಯೋ ಸೋರಿಯೋ ತಮ್ಮ ಬೆಲೆ ತಪ್ಪಿರುತ್ತವೆ. ಹೊಸದನ್ನು ಕಟ್ಟುವುದು ಅನಿವಾರ್ಯ, ಕಷ್ಟವೂ ಅಲ್ಲ. ಕಂಡೆನ್ಸರು ತಾರವನ್ನು ಬಿಟ್ಟು ಮಂದ್ರವನ್ನು ತಡೆಯುತ್ತದೆ. ತಾಮ್ರದ ತಂತಿಯ ಸುರುಳಿ ಮಂದ್ರವನ್ನು ಬಿಟ್ಟು ತಾರವನ್ನು ತಡೆಯುತ್ತದೆ. 16 ಓಮ್‌ನ ಸ್ಪೀಕರುಗಳನ್ನು ಸೆಕೆಂಡಿಗೆ 500 ಕಂಪನಗಳ ಎಲ್ಲೆಯಲ್ಲಿ ಬೇರ್ಪಡಿಸಲು 20 ಮೈಕ್ರೋಫ್ಯಾರಡ್‌ನ ಕಂಡೆನ್ಸರು ಮತ್ತು 5 ಮಿಲಿಹೆನ್ರಿಯ ಸುರುಳಿ ಸಾಕೆಂದು ಸರಳ ಸೂತ್ರ ಹೇಳುತ್ತದೆ.

ಆದರೆ ಈ ಏರ್ಪಾಡಿನಲ್ಲಿ ಎಲ್ಲೆಯಿಂದ ಕೆಳಗಿಳಿದಂತೆ ಪ್ರತಿ ಸ್ಥಾಯಿಗೂ ಶಕ್ತಿ ಕೇವಲ ನಾಲ್ಕರಲ್ಲೊಂದು ಪಾಲಿಗೆ ಇಳಿಯುತ್ತದೆ. ಕಹಳೆಯ ಹಿಂದಿರುವ ಅಲ್ಯೂಮಿನಿಯಮ್ ಪೊರೆಯು ತೀರ ಕೋಮಲ. ತಗ್ಗಿನ ಸ್ವರ ಬಲವಾಗಿ ನುಗ್ಗಿದರೆ ಹರಿದೇಹೋಗುತ್ತದೆ. ಆದುದರಿಂದ ಎರಡೂ ಪಾಲುಗಳಿಗೆ ಒಂದೊಂದು ಕಂಡೆನ್ಸರು, ಒಂದೊಂದು ಸುರುಳಿ ಸೇರಿಸಿ ಇಳಿತವನ್ನು ಹದಿನಾರರಲ್ಲೊಂದು ಪಾಲಿಗೆ ತರುವುದು ವಾಡಿಕೆ. ಆಗ ಬೆಲೆಗಳು ಸುಮಾರು 14 ಮೈಕ್ರೋಫ್ಯಾರಡ್ ಮತ್ತು 7.2 ಮಿಲಿಹೆನ್ರಿ ಆಗುತ್ತವೆ. ಸ್ಪೀಕರಿನ ಓಮ್ ಎಲ್ಲ ಸ್ವರಕ್ಕೂ ಒಂದೇ ಸಮನಾಗಿರದ ಕಾರಣ ಸೂತ್ರವು ಆರಂಭವೇ ಹೊರತು ಮುಕ್ತಾಯವಲ್ಲ. ಮೈಕ್ರೋಫೋನಿನಿಂದ ಅಳೆದು, ಕಿವಿಯಿಂದ ಕೇಳಿ ತಿದ್ದಬೇಕು.

ಇನ್ನು ಮಟ್ಟವನ್ನು ಸರಿದೂಗಿಸುವ ಕೆಲಸ. ಮೇಲಿನ ಕಹಳೆಯು ವೂಫರಿಗಿಂತ 10 ಡೆಸಿಬೆಲ್‌ನಷ್ಟು ಜೋರಾಗಿರುವುದುಂಟು. ಹಾಗೆಯೇ ಬಿಟ್ಟರೆ ಪಿಟೀಲು ಕಿರುಚುತ್ತದೆ, ಮೃದಂಗ ಮರೆಯಾಗುತ್ತದೆ. 11 ಓಮ್‌ನ ರೆಸಿಸ್ಟರನ್ನು ಸರಣಿಯಲ್ಲಿಟ್ಟು, 7.4 ಓಮ್‌ನದನ್ನು ಕಹಳೆಗೆ ಸಮಾಂತರವಾಗಿ ಜೋಡಿಸಿದರೆ ಅದರ ಪಾಲಿನ ಶಕ್ತಿ ಹತ್ತರಲ್ಲೊಂದಾಗುತ್ತದೆ. ಹಳೆಯ ಕಹಳೆಗಳ ದನಿ ಅತಿ ತಾರದಲ್ಲಿ ತಾನಾಗಿಯೇ ಬಾಡುತ್ತದೆ. ಆ ಸರಣಿಯ ರೆಸಿಸ್ಟರಿಗೆ ಒಂದೆರಡು ಮೈಕ್ರೋಫ್ಯಾರಡ್‌ನ ಕಂಡೆನ್ಸರನ್ನು ಅಡ್ಡಲಾಗಿ ಬೆಸೆದರೆ ತಾಳದ ಕಿಣಿಕಿಣಿ ಮರಳಿ ಕೇಳುತ್ತದೆ.

ಮೂರನೆಯದು ಸ್ಥಾನ. ಶಬ್ದವು ಸೆಕೆಂಡಿಗೆ ಸುಮಾರು 343 ಮೀಟರ್ ಚಲಿಸುತ್ತದೆ. 500 ಕಂಪನಗಳ ಅಲೆ ಸುಮಾರು 69 ಸೆಂಟಿಮೀಟರ್. ಕಹಳೆಯ ಪೊರೆ ವೂಫರಿಗಿಂತ 34 ಸೆಂಟಿಮೀಟರ್ ಹಿಂದಿದ್ದರೆ ಅರ್ಧ ಅಲೆಯ ವ್ಯತ್ಯಾಸವಾಗಿ, ಒಂದು ನೂಕುವಾಗ ಇನ್ನೊಂದು ಸೆಳೆದು, ದನಿಯ ನಡುವೆ ಹಳ್ಳ ಬೀಳುತ್ತದೆ. ಇದಕ್ಕೆ ಖರ್ಚಿಲ್ಲದ ಪರೀಕ್ಷೆಯೊಂದಿದೆ. ಎಲ್ಲೆಯ ಸ್ವರವನ್ನು ನುಡಿಸುತ್ತ, ಒಂದರ ತಂತಿಗಳನ್ನು ಅದಲುಬದಲು ಮಾಡಬೇಕು. ಎರಡೂ ಒಂದೇ ಹೆಜ್ಜೆಯಲ್ಲಿ ನಡೆಯುತ್ತಿದ್ದರೆ ದನಿ ಥಟ್ಟನೆ ಕುಗ್ಗಬೇಕು. ಕುಗ್ಗದಿದ್ದರೆ ಕಹಳೆಯನ್ನು ಹಿಂದೆ ಮುಂದೆ ಸರಿಸುತ್ತ ಹುಡುಕಬೇಕು.

ಕೆಂಡದಂತಹ ವಾಲ್ವು

ಮೆಲುದನಿಗೂ ಓಗೊಡುವ ಕಹಳೆಗೆ ನೂರು ವಾಟ್ ಬೇಕಿಲ್ಲ. 1938ರಲ್ಲಿ ಬಂದ ವೆಸ್ಟರ್ನ್ ಎಲೆಕ್ಟ್ರಿಕ್ 300ಬಿ ಎಂಬ ವಾಲ್ವು ಒಂಟಿಯಾಗಿ ದುಡಿದು ಸುಮಾರು 8 ವಾಟ್ ನೀಡುತ್ತದೆ. ಹಲವು ದೇಶಗಳಲ್ಲಿ ಅದು ಇಂದಿಗೂ ತಯಾರಾಗುತ್ತಿದೆ. ಹಣ ಕಡಿಮೆಯಿದ್ದವರು ಇ.ಎಲ್. 84ನ್ನು ಆರಿಸಿಕೊಳ್ಳುತ್ತಾರೆ, ಅದರಿಂದ ಸುಮಾರು 5 ವಾಟ್. ಇಲ್ಲಿ ಬೆಂಗಳೂರಿಗೂ ಒಂದು ಪಾಲುಂಟು. ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು 1961ರಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆಗೆ ಕೈಹಾಕಿತು. ಅದರ ಮುದ್ರೆಯುಳ್ಳ ಹಳೆಯ ಇ.ಎಲ್. 84 ವಾಲ್ವುಗಳನ್ನು ಹವ್ಯಾಸಿಗಳು ಈಗಲೂ ಹುಡುಕಿ ಕೊಳ್ಳುತ್ತಾರೆ.

ಕಹಳೆಯು ಗುಣವನ್ನು ಮಾತ್ರವಲ್ಲ, ದೋಷವನ್ನೂ ಹಿಗ್ಗಿಸುತ್ತದೆ. ಸಾಧಾರಣ ಸ್ಪೀಕರಿನಲ್ಲಿ ಕೇಳದ ವಿದ್ಯುತ್ತಿನ ಗುಂಯ್‌ಗಾನವು ಕಹಳೆಯಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಆದುದರಿಂದ 300ಬಿಯ ತಂತುವಿಗೆ ನೇರ ವಿದ್ಯುತ್ತನ್ನು ಕೊಡುವುದು ಲೇಸು. ಇ.ಎಲ್. 84 ಬಯಸುವ 5,000 ಓಮ್ ಹೊರೆಗೂ ಸ್ಪೀಕರಿನ 16 ಓಮ್‌ಗೂ ಸಂಧಾನ ಮಾಡಿಸುವ ಟ್ರಾನ್ಸ್‌ಫಾರ್ಮರಿನ ಸುತ್ತುಗಳು ಸುಮಾರು 18ಕ್ಕೆ 1ರಂತೆ ಇರಬೇಕು. ಈ ಟ್ರಾನ್ಸ್‌ಫಾರ್ಮರಿನಲ್ಲಿ ಜಿಪುಣತನ ತೋರಿದರೆ ಉಳಿದ ಖರ್ಚೆಲ್ಲ ನೀರಿನಲ್ಲಿ ಹೋಮ.

ಎಚ್ಚರಿಕೆಯ ಮಾತೊಂದು ಅಗತ್ಯ. ವಾಲ್ವ್ ಆಂಪ್ಲಿಫೈಯರಿನಲ್ಲಿ 300ರಿಂದ 450 ವೋಲ್ಟುಗಳವರೆಗೆ ಒತ್ತಡವಿರುತ್ತದೆ. ಪ್ಲಗ್ ಕಿತ್ತ ಮೇಲೂ ಕಂಡೆನ್ಸರುಗಳಲ್ಲಿ ಅದು ಅಡಗಿರುತ್ತದೆ. ಅದು ಪ್ರಾಣವನ್ನೇ ತೆಗೆಯಬಲ್ಲದು. ಅದನ್ನು ಬರಿದುಮಾಡುವ ರೆಸಿಸ್ಟರನ್ನು ಕಾಯಂ ಆಗಿ ಜೋಡಿಸಿ, ಮೀಟರಿನಿಂದ ಅಳೆದು ಸೊನ್ನೆಯೆಂದು ಕಂಡ ಮೇಲೆಯೇ ಒಳಗೆ ಕೈಯಿಡಬೇಕು. ಪಳಗಿದವರೊಬ್ಬರು ಜೊತೆಗಿಲ್ಲದೆ ಹೊಸಬರು ಈ ಕೆಲಸಕ್ಕೆ ಇಳಿಯಬಾರದು.

ತಿದ್ದುವುದೆಂದರೇನು?

ದುಬಾರಿ ಕಂಡೆನ್ಸರು, ಹೆಸರಾಂತ ವಾಲ್ವುಗಳನ್ನು ತುಂಬಿದೊಡನೆ ದನಿ ಸುಧಾರಿಸುವುದೆಂಬುದು ಭ್ರಮೆ. ವಾಲ್ವ್ ಆಂಪ್ಲಿಫೈಯರಿಗೆ ಸ್ಪೀಕರಿನ ಮೇಲಿರುವ ಹಿಡಿತ ಟ್ರಾನ್ಸಿಸ್ಟರಿನಷ್ಟು ಬಿಗಿಯಲ್ಲ. ಓಮ್ ಏರಿಳಿದಂತೆ ದನಿಯ ಬಣ್ಣವೂ ಬದಲಾಗುತ್ತದೆ. ಒಂದು ಆಂಪ್ಲಿಫೈಯರಿಗೆ ಹೊಂದಿದ ಕ್ರಾಸ್‌ಓವರ್ ಇನ್ನೊಂದಕ್ಕೆ ಹೊಂದದಿರಬಹುದು. ಕಹಳೆ, ಕ್ರಾಸ್‌ಓವರ್, ವಾಲ್ವು ಈ ಮೂರನ್ನೂ ಒಂದೇ ವಾದ್ಯವೆಂದು ಭಾವಿಸಿ ಶ್ರುತಿಗೂಡಿಸಬೇಕಾದುದು ಈ ಕಲೆಯ ತಿರುಳು.

ಹಳೆಯ ಸಾಧನಗಳು ಇನ್ನು ಹೆಚ್ಚಲಾರವು. ಪೆಟ್ಟಿಗೆಯನ್ನು ಗರಗಸದಿಂದ ಕೊಯ್ದು ಹೊಸ ವೂಫರನ್ನು ತೂರಿಸಿದವರುಂಟು. ಹಾಗೆ ಕೊಯ್ದುದು ಮತ್ತೆ ಕೂಡಿಕೊಳ್ಳದು. ತಿಳಿದವರು ಹಳೆಯ ಕ್ರಾಸ್‌ಓವರನ್ನು ಎಸೆಯದೆ, ಗುರುತು ಬರೆದು ಕಟ್ಟಿಡುತ್ತಾರೆ; ಹೊಸದನ್ನು ಪೆಟ್ಟಿಗೆಯ ಹೊರಗೆ ಬೇರೆ ಹಲಗೆಯ ಮೇಲೆ ಕಟ್ಟುತ್ತಾರೆ. ಮುಂದೆ ಬರುವ ಒಡೆಯನಿಗೆ ಇನ್ನೂ ಉತ್ತಮವಾದ ಉಪಾಯ ಹೊಳೆಯಬಹುದು, ಅಥವಾ ಮೊದಲಿನ ದನಿಯೇ ಬೇಕೆನಿಸಬಹುದು. ಆ ಎರಡು ದಾರಿಗಳನ್ನೂ ತೆರೆದಿಟ್ಟು ಮಾಡಿದ ತಿದ್ದುಪಡಿಯೇ ಹಳೆಯ ಕಹಳೆಗೆ ಸಲ್ಲಿಸುವ ನಿಜವಾದ ಗೌರವ.