ನಳ ಕಡಿಯುವವರು ಯಾರು?

ಪ್ರೈಮರಿ ಶಾಲೆಯಲ್ಲಿ ಕಲಿಸಲು ಡಿ.ಎಲ್.ಎಡ್. ಬೇಕು, ಹೈಸ್ಕೂಲಿಗೆ ಬಿ.ಎಡ್. ಡಿಗ್ರಿ ಕಾಲೇಜಿನ ಕನ್ನಡ ಅಧ್ಯಾಪಕರಿಗೆ? ಎಂ.ಎ. ಮುಗಿಸಿ ನೆಟ್ ಅಥವಾ ಕೆ-ಸೆಟ್ ಪಾಸಾದರೆ ಸಾಕು. ಪಾಠ ಮಾಡುವುದು ಹೇಗೆಂದು ಯಾರೂ ಹೇಳಿಕೊಟ್ಟಿರುವುದಿಲ್ಲ. ತಮ್ಮ ಗುರುಗಳು ಮಾಡಿದ್ದನ್ನೇ ಮಾಡುತ್ತಾರೆ. ‘ಸಂದರ್ಭ, ಸ್ವಾರಸ್ಯ ವಿವರಿಸಿ’ ಎಂಬ ಪ್ರಶ್ನೆಗೆ ಇನ್ನೂ ಮುಪ್ಪು ಬಾರದಿರುವುದು ಇದರಿಂದಲೇ ಇರಬೇಕು.

1986ರ ಶಿಕ್ಷಣ ನೀತಿಯ ಬಳಿಕ ಯುಜಿಸಿ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳೆಂದು ತೆರೆದ ಕೇಂದ್ರಗಳಲ್ಲಿ ಈ ಅಧ್ಯಾಪಕರಿಗೆ ರಿಫ್ರೆಷರ್ ಕೋರ್ಸುಗಳು ನಡೆಯುತ್ತ ಬಂದಿವೆ. ಬಡ್ತಿಗೆ ಅವು ಬೇಕು. ಆದರೆ ಅಲ್ಲಿ ನಡೆಯುವುದು ಬಹುಪಾಲು ಉಪನ್ಯಾಸವೇ.

ಓದು ಬರಹವನ್ನೇ ನಡುವಿನಲ್ಲಿಟ್ಟು ಭಾಷೆ ಕಲಿಸುವ ಇನ್ನೊಂದು ಕ್ರಮವಿದೆ. ‘ನ್ಯೂ ಲಂಡನ್ ಗುಂಪು’ ಎಂಬ ಹೆಸರಿನಲ್ಲಿ ಹತ್ತು ವಿದ್ವಾಂಸರು 1996ರಲ್ಲಿ ಬಹುಸಾಕ್ಷರತೆಯ (ಹಲವು ಬಗೆಯ ಭಾಷೆ, ಮಾಧ್ಯಮಗಳಲ್ಲಿ ಓದಿ ಬರೆಯಬಲ್ಲ ಶಕ್ತಿಯ) ಬಗ್ಗೆ ಬರೆದ ಪ್ರಬಂಧ ಅದರ ಬುನಾದಿ. ಹೆಸರು ದೊಡ್ಡದು, ಕೆಲಸ ನಮ್ಮೂರಿನದೇ.

ಹರಪನಹಳ್ಳಿಯ ಡಿಗ್ರಿ ತರಗತಿ ಎಂದಿಟ್ಟುಕೊಳ್ಳಿ. ಚಿಗಟೇರಿಯಿಂದ, ಸುತ್ತಲ ತಾಂಡಾಗಳಿಂದ ಬಸ್ ಹತ್ತಿ ಬಂದವರಿದ್ದಾರೆ. ಕೆಲವರ ಮನೆಮಾತು ಲಂಬಾಣಿ. ಅಧ್ಯಾಪಕರು ಪಂಚಾಯಿತಿ ನೋಟಿಸಿನಂಥ ಒಂದು ಸಾಲು ಬರೆಯುತ್ತಾರೆ: ‘ಕರ ಪಾವತಿಸದಿದ್ದಲ್ಲಿ ನಳ ಸಂಪರ್ಕ ಕಡಿತಗೊಳಿಸಲಾಗುವುದು.’ ಮೊದಲು ಬರೀ ಮಾತುಕತೆ. ಇಂಥದ್ದು ಮನೆಗೆ ಬಂದಿತ್ತೇ? ಯಾರು ಓದಿದರು? ಆಮೇಲೆ ವಾಕ್ಯಕ್ಕೆ ಕೈ ಹಾಕುತ್ತಾರೆ. ಕಡಿಯುವವರು ಯಾರು? ಹುಡುಕಿದರೆ ಕರ್ತೃಪದವೇ ಇಲ್ಲ! ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ಕರ್ಮಣಿ ಪ್ರಯೋಗ ಈಗ ಕೆಲಸಕ್ಕೆ ಬರುತ್ತದೆ. ಕರ್ತೃವನ್ನು ಬಿಟ್ಟಿದ್ದರಿಂದ ಯಾರಿಗೆ ಅನುಕೂಲ? ದುಡ್ಡಿಲ್ಲದವರು ಯಾರನ್ನು ಕೇಳಬೇಕು? ಕೊನೆಗೆ ಬರಹ: ಅದೇ ಸಾಲನ್ನು ಅಜ್ಜಿಗೆ ಹೇಳುವಂತೆ ತಿರುಗಿಸುವುದು, ಗಡುವು ಕೇಳಿ ಅರ್ಜಿ ಬರೆಯುವುದು. ಮರುದಿನ ಚಿಗಟೇರಿಯ ನಾರದಮುನಿ ಜಾತ್ರೆಯ ಕರಪತ್ರ ತರಬಹುದು. ಅಲ್ಲಿ ಕರೆಯುವವರ ಹೆಸರುಗಳು ಸಾಲುಗಟ್ಟಿರುತ್ತವೆ. ಯಾರ ಹೆಸರು ಮೇಲೆ, ಯಾರದು ಕೆಳಗೆ ಎಂಬುದೂ ಓದಬೇಕಾದದ್ದೇ. ಹೀಗೆ ಕಣ್ಣು ಪಳಗಿದವರನ್ನು ಪಂಪನ ಬಳಿಗೆ ಕರೆದೊಯ್ಯುವುದು ಅಷ್ಟು ಕಷ್ಟವಲ್ಲ.

ಕಷ್ಟವಿರುವುದು ಅಧ್ಯಾಪಕರಿಗೆ. ಉತ್ತರ ನಾಲಿಗೆಯ ತುದಿಯಲ್ಲಿದ್ದರೂ ಸುಮ್ಮನಿರಬೇಕು. ತಪ್ಪು ಉತ್ತರದಿಂದಲೇ ಮುಂದಿನ ಪ್ರಶ್ನೆ ಹುಟ್ಟಿಸಬೇಕು. ಈ ಕಸುಬು ಕೇಳಿ ಬರುವಂಥದ್ದಲ್ಲ, ಮಾಡಿ ಬರುವಂಥದ್ದು. ರಿಫ್ರೆಷರ್ ಕೋರ್ಸು ಏರ್ಪಡಿಸುವವರು ದಿನಕ್ಕೊಂದು ಉಪನ್ಯಾಸವನ್ನಾದರೂ ಕೈಬಿಟ್ಟು ಅಧ್ಯಾಪಕರಿಂದಲೇ ಪಾಠ ಮಾಡಿಸಲಿ. ಉಳಿದವರು ಹಿಂದಿನ ಬೆಂಚಿನಲ್ಲಿ ಕೂತು ನೋಡಲಿ.